ಸಮುದ್ರದ ಎಣ್ಣೆಯನ್ನು ಅಳೆಯುವವರು ಯಾರು?

ಬೇಲಿ ದಾಟಿ ಬಂದ ದನಗಳು ಒಬ್ಬನ ಬೆಳೆಯನ್ನು ಮೇಯ್ದು ಹೋದರೆ, ನಷ್ಟವೆಷ್ಟೆಂಬ ಪಂಚನಾಮೆಯನ್ನು ಆ ದನಗಳ ಒಡೆಯನೇ ಬರೆದುಕೊಡುವ ರೂಢಿಯು ನಮ್ಮ ಯಾವ ಹಳ್ಳಿಯಲ್ಲಿಯೂ ಇಲ್ಲ. ನಾಲ್ಕು ಜನ ಪಂಚರು ಹೊಲಕ್ಕೆ ಹೋಗಿ ಕಣ್ಣಾರೆ ಕಂಡು ಆ ಮೇಲೆ ಮಾತನಾಡುವರು. ಹಳ್ಳಿಯ ಈ ಸಾಮಾನ್ಯ ನ್ಯಾಯವು ಸಮುದ್ರದ ಮೇಲೆ ಬಹುಕಾಲ ನಡೆಯಲಿಲ್ಲ. ಹಡಗು ಒಡೆದೋ, ಸಮುದ್ರತಳದ ಬಾವಿ ಸಿಡಿದೋ ಕಲ್ಲೆಣ್ಣೆಯು ನೀರಿಗೆ ಹರಿದಾಗ, ಎಷ್ಟು ಹರಿಯಿತೆಂದು ಹೇಳುತ್ತಿದ್ದವನು ಹೆಚ್ಚಾಗಿ ಹರಿಸಿದವನೇ. ದಂಡೆಯ ಮೀನುಗಾರನಿಗೆ ತನ್ನ ಬಲೆಗೆ ಹತ್ತಿದ ಜಿಡ್ಡಿನ ಹೊರತು ಬೇರೆ ಸಾಕ್ಷಿಯಿರಲಿಲ್ಲ. ಕೃತಕ ಉಪಗ್ರಹಗಳು ತೆಗೆಯುವ ಚಿತ್ರಗಳು ಈ ಸ್ಥಿತಿಯನ್ನು ಬದಲಿಸತೊಡಗಿವೆ. ಎಲ್ಲಿಯವರೆಗೆ ಬದಲಿಸಿವೆ, ಕಡಲ ದಂಡೆಯುಳ್ಳ ನಮ್ಮ ನಾಡು ಅದರಿಂದ ಏನನ್ನು ಕೇಳಿ ಪಡೆಯಬೇಕು ಎಂಬದನ್ನು ವಾಚಕರ ಮುಂದಿಡುವದು ಅವಶ್ಯವೆಂದು ನಮಗೆ ತೋರಿದೆ.

೨೦೧೦ನೆಯ ಇಸವಿಯ ಎಪ್ರಿಲ್ ೨೦ರ ರಾತ್ರಿ ಅಮೇರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ, ಲೂಯಿಸಿಯಾನಾ ಸಂಸ್ಥಾನದ ದಂಡೆಯಾಚೆ, ಡೀಪ್‌ವಾಟರ್ ಹೊರೈಜನ್ ಎಂಬ ತೇಲುವ ಕೊರೆಯಂತ್ರವು ಸಿಡಿದು ಉರಿಯಿತು. ಹನ್ನೊಂದು ಮಂದಿ ಕೆಲಸಗಾರರು ಸತ್ತರು. ಎರಡು ದಿನಗಳ ತರುವಾಯ ಯಂತ್ರವು ಮುಳುಗಿತು. ಸುಮಾರು ೧,೫೦೦ ಮೀಟರು ಆಳದಲ್ಲಿದ್ದ ಬಾವಿಯ ಬಾಯಿ ತೆರೆದೇ ಉಳಿಯಿತು. ಬಾವಿಯು ಬಿ.ಪಿ. ಎಂಬ ಬ್ರಿಟಿಶ್ ಕಂಪನಿಯದು. ಮೊದಲಲ್ಲಿ, ಎಣ್ಣೆ ಸೋರುತ್ತಿರುವ ಲಕ್ಷಣವೇ ಕಾಣುವದಿಲ್ಲವೆಂದು ಅಲ್ಲಿಯ ಕರಾವಳಿ ರಕ್ಷಕ ದಳದವರು ಹೇಳಿದರು. ೨೪ನೆಯ ತಾರೀಖಿಗೆ, ದಿನಕ್ಕೆ ೧,೦೦೦ ಪೀಪಾಯಿ ಸೋರುತ್ತಿದೆಯೆಂಬ ಅಂಕಿ ಹೊರಬಿದ್ದಿತು. ಕಲ್ಲೆಣ್ಣೆಯ ವ್ಯಾಪಾರದಲ್ಲಿ ಒಂದು ಪೀಪಾಯಿಯೆಂದರೆ ಸುಮಾರು ೧೫೯ ಲೀಟರು. ಆ ಆಳಕ್ಕಿಳಿದು ಬಾವಿಯ ಬಾಯನ್ನು ನೋಡಬಲ್ಲ ಯಂತ್ರಗಳು ಆಗ ಕಂಪನಿಯ ಕೈಯಲ್ಲಿದ್ದವು ಎಂಬದನ್ನು ವಾಚಕರು ನೆನಪಿನಲ್ಲಿಡಬೇಕು.

ಆದರೆ ಮೇಲೆ ಆಕಾಶದಲ್ಲಿ ಸುತ್ತುತ್ತಿದ್ದ ಕಣ್ಣುಗಳು ಕಂಪನಿಯವಾಗಿರಲಿಲ್ಲ. ಅಮೇರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಟೆರ್ರಾ, ಅಕ್ವಾ ಎಂಬ ಉಪಗ್ರಹಗಳು ದಿನಾಲು ಆ ಕೊಲ್ಲಿಯ ಮೇಲೆ ಹಾಯುತ್ತಿದ್ದವು. ಅವುಗಳ ಚಿತ್ರಗಳು ಬೇಡಿದವರಿಗೆಲ್ಲ ಧರ್ಮಾರ್ಥವಾಗಿ ದೊರೆಯುತ್ತಿದ್ದವು. ವೆಸ್ಟ್ ವರ್ಜೀನಿಯಾದ ಶೆಫರ್ಡ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ, ಹಿಂದೆ ಎಣ್ಣೆಯ ಕಂಪನಿಗಳಿಗಾಗಿಯೇ ದುಡಿದಿದ್ದ ಜಾನ್ ಏಮಸ್ ಎಂಬ ಭೂಗರ್ಭಶಾಸ್ತ್ರಜ್ಞರು ಸ್ಥಾಪಿಸಿದ ಸ್ಕೈಟ್ರುತ್ ಎಂಬ ಪುಟ್ಟ ಸಂಸ್ಥೆಯಿದೆ. ಅವರು ಆ ಚಿತ್ರಗಳನ್ನು ತೆರೆದು ಅಳೆಯತೊಡಗಿದರು. ಎಣ್ಣೆ ಹರಡಿದ ವಿಸ್ತಾರವು ಚಿತ್ರದಲ್ಲಿ ಕಾಣುತ್ತದೆ. ಪೊರೆಯ ದಪ್ಪವನ್ನು ಅದರ ಬಣ್ಣದಿಂದ ತಕ್ಕಮಟ್ಟಿಗೆ ಊಹಿಸಬಹುದು. ಒಂದು ಮಿಲಿಮೀಟರಿನಲ್ಲಿ ಸಾವಿರ ಪಾಲು ಮಾಡಿ, ಅದರ ಒಂದೇ ಪಾಲಿನಷ್ಟು ದಪ್ಪದ ಪೊರೆಯು ಒಂದು ಚದರ ಕಿಲೋಮೀಟರು ಹರಡಿದ್ದರೂ ಅದರಲ್ಲಿ ೧,೦೦೦ ಲೀಟರು ಎಣ್ಣೆಯಿರುತ್ತದೆ. ಶಾಲೆಯ ಹುಡುಗನೂ ಮಾಡಬಲ್ಲ ಗುಣಾಕಾರವಿದು. ಬಂದ ಮೊತ್ತವನ್ನು ಕಳೆದ ದಿನಗಳಿಂದ ಭಾಗಿಸಿದರೆ ದಿನದ ಲೆಕ್ಕ ಸಿಕ್ಕಿತು.

ಹೀಗೆ ಮಾಡಿದ ಲೆಕ್ಕವು ಕಂಪನಿಯ ಅಂಕಿಗೆ ಹೊಂದಲಿಲ್ಲ. ಎಪ್ರಿಲ್ ೨೮ಕ್ಕೆ ಸರಕಾರದ ವಿಜ್ಞಾನಿಗಳೇ ಅಂಕಿಯನ್ನು ೫,೦೦೦ ಪೀಪಾಯಿಗೆ ಏರಿಸಿದರು. ಮೇ ೧ಕ್ಕೆ ಸ್ಕೈಟ್ರುತ್‌ನವರೂ ಫ್ಲೋರಿಡಾ ಸಂಸ್ಥಾನ ವಿಶ್ವವಿದ್ಯಾಲಯದ ಸಮುದ್ರವಿಜ್ಞಾನಿ ಇಯಾನ್ ಮ್ಯಾಕ್‌ಡೊನಾಲ್ಡರೂ ಕೂಡಿ, ದಿನಕ್ಕೆ ಸುಮಾರು ೨೬,೫೦೦ ಪೀಪಾಯಿಯೆಂದು ಪ್ರಕಟಿಸಿದರು. ಸರಕಾರವು ಮಾತ್ರ ತನ್ನ ೫,೦೦೦ವನ್ನು ಮೇ ತಿಂಗಳ ಕೊನೆಯವರೆಗೆ ಬಿಗಿಹಿಡಿದು ಕುಳಿತಿತು. ಕಟ್ಟಕಡೆಗೆ, ೮೭ ದಿನಗಳ ನಂತರ ಬಾವಿಯ ಬಾಯಿ ಮುಚ್ಚಿ, ಅಗಸ್ಟ್ ತಿಂಗಳಲ್ಲಿ ಸರಕಾರದ ತಜ್ಞರು ಕೊಟ್ಟ ಲೆಕ್ಕವೇನು? ಮೊದಲ ದಿನಗಳಲ್ಲಿ ದಿನಕ್ಕೆ ೬೨,೦೦೦ ಪೀಪಾಯಿ. ಒಟ್ಟು ೪೯ ಲಕ್ಷ ಪೀಪಾಯಿ. ಸಾವಿರ ಎಂದದ್ದು ಅರುವತ್ತೆರಡು ಸಾವಿರವಾಯಿತು! ಶೆಫರ್ಡ್ಸ್‌ಟೌನಿನವರ ಅಂದಾಜೂ ಅರ್ಧಕ್ಕಿಂತ ಕಡಿಮೆಯೇ ಆಗಿದ್ದಿತೆಂಬದನ್ನು ಇಲ್ಲಿಯೇ ಹೇಳಿಬಿಡುವದು ಪ್ರಾಮಾಣಿಕತನ. ಆಳದಿಂದ ಎದ್ದ ಎಣ್ಣೆಯೆಲ್ಲವೂ ಮೇಲಕ್ಕೆ ಬರಲಿಲ್ಲ. ಬಂದದ್ದರಲ್ಲಿ ಬಹಳಷ್ಟು ಬಿಸಿಲಿಗೆ ಆವಿಯಾಗಿ ಹೋಯಿತು. ಉಪಗ್ರಹವು ನೋಡುವದು ಸಮುದ್ರದ ತೊಗಲನ್ನು ಮಾತ್ರ.

ಈ ಅಂಕಿಗಳ ಜಗಳವು ಪಂಡಿತರ ಕಾಲಕ್ಷೇಪವೆಂದು ಯಾರೂ ತಿಳಿಯಬಾರದು. ಅಮೇರಿಕದ ಕಾಯದೆಯಲ್ಲಿ ದಂಡವು ಪೀಪಾಯಿಯ ಲೆಕ್ಕದ ಮೇಲೆ ನಿಂತಿದೆ. ಘೋರ ಅಲಕ್ಷ್ಯದಿಂದ ಸುರಿದ ಎಣ್ಣೆಗೆ ಆ ಪ್ರಕರಣದಲ್ಲಿ ಪೀಪಾಯಿಯೊಂದಕ್ಕೆ ೪,೩೦೦ ಡಾಲರಿನವರೆಗೆ ದಂಡ ಹಾಕಬಹುದಾಗಿದ್ದಿತು. ಆದ್ದರಿಂದ ಒಂದೊಂದು ಪೀಪಾಯಿಗೂ ವಕೀಲರು ಹೋರಾಡಿದರು. ೨೦೧೫ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸಿನ ನ್ಯಾಯಾಧೀಶರು, ಸಮುದ್ರಕ್ಕೆ ಸೇರಿದ್ದು ೩೧.೯ ಲಕ್ಷ ಪೀಪಾಯಿಯೆಂದು ತೀರ್ಮಾನಿಸಿದರು. ಅದೇ ವರ್ಷದ ಒಪ್ಪಂದದ ಮೇರೆಗೆ ಕಂಪನಿಯು ತೆರಲೊಪ್ಪಿದ ೨೦೦೦ ಕೋಟಿ ಡಾಲರಿಗೂ ಮಿಕ್ಕಿದ ಮೊತ್ತದಲ್ಲಿ ೫೫೦ ಕೋಟಿಯು ಈ ದಂಡದ ಬಾಬು. ದಿನಕ್ಕೆ ಸಾವಿರ ಪೀಪಾಯಿಯೆಂಬ ಮಾತೇ ನಿಂತಿದ್ದರೆ ಆ ದಂಡದ ಗತಿ ಏನಾಗುತ್ತಿದ್ದಿತೆಂಬದನ್ನು ವಾಚಕರೇ ಲೆಕ್ಕ ಹಾಕಬಹುದು.

ಇನ್ನು, ನೂರಾರು ಕಿಲೋಮೀಟರು ಮೇಲಿನಿಂದ ನೀರಿನ ಮೇಲಣ ಎಣ್ಣೆಯು ಕಾಣುವ ಬಗೆ ಹೇಗೆ? ಇದರ ಮೂಲತತ್ತ್ವವು ಬಹಳ ಹಳೆಯದು. ಬಿರುಗಾಳಿಯಲ್ಲಿ ಎಣ್ಣೆ ಸುರಿದರೆ ಅಲೆಗಳು ತಣ್ಣಗಾಗುವವೆಂದು ನಾವಿಕರು ಪುರಾತನ ಕಾಲದಿಂದಲೂ ಬಲ್ಲರು. ಅಮೇರಿಕದ ಸ್ವಾತಂತ್ರ್ಯದ ಮುಂದಾಳುಗಳಲ್ಲೊಬ್ಬರಾದ ಬೆಂಜಮಿನ್ ಫ್ರಾಂಕ್ಲಿನ್ನರು ಲಂಡನ್ನಿನ ಕ್ಲಾಪ್‌ಹ್ಯಾಮಿನ ಕೊಳವೊಂದರಲ್ಲಿ ಒಂದು ಚಮಚೆಗಿಂತ ಹೆಚ್ಚಿಲ್ಲದ ಎಣ್ಣೆಯನ್ನು ಹಾಕಿ, ಅದು ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ಮಾಡಿದ್ದನ್ನು ಕಂಡು, ೧೭೭೪ರಲ್ಲಿ ಆ ವಿಷಯವನ್ನು ರಾಯಲ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಣ್ಣೆಯ ಪೊರೆಯು ನೀರಿನ ಮೇಲಣ ಅತಿ ಸಣ್ಣ ತೆರೆಗಳನ್ನು ಏಳಗೊಡುವದಿಲ್ಲ. ರಾಡಾರ್ ಉಪಗ್ರಹವು ತಾನೇ ಓರೆಯಾಗಿ ಕೆಳಗೆ ಅಲೆಗಳನ್ನು ಕಳಿಸಿ, ಸಮುದ್ರದಿಂದ ಮರಳಿ ಬಂದದ್ದನ್ನು ಹಿಡಿಯುತ್ತದೆ. ಬೆರಳುದ್ದದ ಸಣ್ಣ ತೆರೆಗಳಿದ್ದಲ್ಲಿ ಅವು ಚೆದರಿ ಕೆಲವು ಹಿಂದಕ್ಕೆ ಬರುವವು, ಆದುದರಿಂದ ಚಿತ್ರವು ಅಲ್ಲಿ ಬೆಳ್ಳಗಿರುವದು. ಎಣ್ಣೆಯಿಂದ ನುಣುಪಾದ ನೀರಿನ ಮೇಲೆ ಬಿದ್ದವು ಕನ್ನಡಿಯ ಮೇಲೆ ಬಿದ್ದ ಬೆಳಕಿನಂತೆ ಆಚೆಗೇ ಜಾರಿ ಹೋಗುವವು, ಆದುದರಿಂದ ಅಲ್ಲಿ ಕಪ್ಪಾಗಿ ಕಾಣುವದು. ಇದಕ್ಕೆ ಹಗಲು ಬೇಕಿಲ್ಲ; ಮೋಡ ಅಡ್ಡವಾಗುವದಿಲ್ಲ. ಅಮೇರಿಕದವರು ೧೯೭೮ರಲ್ಲಿ ಸೀಸ್ಯಾಟ್ ಎಂಬ ಉಪಗ್ರಹದಲ್ಲಿ ಇಂಥ ರಾಡಾರನ್ನು ಮೊದಲು ಹಾರಿಸಿದರು. ಅದು ಕೆಲವೇ ತಿಂಗಳು ಬದುಕಿತು. ೨೦೧೪ರಿಂದ ಯುರೋಪಿನವರ ಸೆಂಟಿನೆಲ್-೧ ಎಂಬ ಮಾಲಿಕೆಯು ಇಂಥ ಚಿತ್ರಗಳನ್ನು ತೆಗೆದು ಜಗತ್ತಿಗೆಲ್ಲ ಉಚಿತವಾಗಿ ಹಂಚುತ್ತ ಬಂದಿದೆ.

ಆದರೆ ಕಪ್ಪಾಗಿ ಕಂಡದ್ದೆಲ್ಲ ಎಣ್ಣೆಯಲ್ಲ. ಗಾಳಿ ಸತ್ತಲ್ಲಿಯೂ ನೀರು ನುಣುಪಾಗುತ್ತದೆ. ಪಾಚಿ, ಜಲಜಂತುಗಳು ಬಿಡುವ ಸ್ವಾಭಾವಿಕ ಜಿಡ್ಡು, ಮಳೆ ಸುರಿದ ಜಾಗ, ದ್ವೀಪದ ಮರೆ, ಇವೆಲ್ಲವೂ ರಾಡಾರಿನ ಚಿತ್ರದಲ್ಲಿ ಎಣ್ಣೆಯ ವೇಷ ಹಾಕಿಕೊಂಡು ಬರುತ್ತವೆ. ಗಾಳಿಯು ಸೆಕೆಂಡಿಗೆ ಎರಡು ಮೂರು ಮೀಟರಿಗಿಂತ ಮಂದವಿದ್ದರೆ ಸಮುದ್ರವೆಲ್ಲ ಕಪ್ಪು. ಹತ್ತು ಹನ್ನೆರಡು ಮೀಟರಿಗಿಂತ ಜೋರಾದರೆ ತೆರೆಗಳು ಎಣ್ಣೆಯನ್ನು ಒಡೆದು ನೀರಿನೊಳಗೆ ಬೆರಸಿಬಿಡುವವು, ಚಿತ್ರದಲ್ಲಿ ಏನೂ ಕಾಣದು. ಪೊರೆಯ ದಪ್ಪವನ್ನಂತೂ ರಾಡಾರಿನಿಂದ ನೆಚ್ಚಿ ಹೇಳಲು ಆಗುವದಿಲ್ಲ. ಬಲ್ಲವರು ಕುಳಿತು ನೋಡಬೇಕು. ವಿಮಾನವೋ ದೋಣಿಯೋ ಹೋಗಿ ಸೀಸೆಯಲ್ಲಿ ನೀರು ತುಂಬಿ ತರಬೇಕು. ಇಲ್ಲದಿದ್ದರೆ ಹಗ್ಗವನ್ನು ಹಾವೆಂದು ಬಡಿದ ಕಥೆಯಾದೀತು.

ಇದಕ್ಕೆ ಅದೇ ಮೆಕ್ಸಿಕೋ ಕೊಲ್ಲಿಯಲ್ಲಿಯೇ ಒಂದು ಉದಾಹರಣೆಯಿದೆ. ೨೦೦೪ರ ಸಪ್ಟಂಬರದಲ್ಲಿ ಐವನ್ ಎಂಬ ಚಂಡಮಾರುತದ ಹೊಡೆತಕ್ಕೆ ಸಮುದ್ರತಳದ ಕೆಸರು ಕುಸಿದು, ಟೇಲರ್ ಎನರ್ಜಿ ಎಂಬ ಕಂಪನಿಯ ಎಣ್ಣೆಯ ಕಟ್ಟೆಯು ಉರುಳಿತು. ಬಾವಿಗಳು ಕೆಸರಿನಡಿಯಲ್ಲಿ ಹೂತುಹೋಗಿ ಎಣ್ಣೆ ಸೋರುತ್ತಲೇ ಇದ್ದಿತು. ಅಧಿಕಾರಿಗಳಿಗೆ ಗೊತ್ತಿದ್ದರೂ ಜನರಿಗೆ ಗೊತ್ತಿರಲಿಲ್ಲ. ೨೦೧೦ರಲ್ಲಿ ಬಿ.ಪಿ. ಕಂಪನಿಯ ಎಣ್ಣೆಯನ್ನು ನೋಡಲೆಂದು ಚಿತ್ರಗಳನ್ನು ಹರಡಿಕೊಂಡು ಕುಳಿತವರ ಕಣ್ಣಿಗೆ, ಅದಕ್ಕೆ ಸಂಬಂಧವೇ ಇಲ್ಲದ ಮತ್ತೊಂದು ಎಣ್ಣೆಯ ಗೆರೆಯು ಬಿದ್ದಿತು. ಒಂದು ಕಳವಿನ ತಪಾಸಣೆಯಲ್ಲಿ ಇನ್ನೊಂದು ಕಳವು ಸಿಕ್ಕಂತಾಯಿತು. ಸೋರುವದು ದಿನಕ್ಕೆ ನಾಲ್ಕಾರು ಗ್ಯಾಲನ್ ಮಾತ್ರವೆಂದು ಕಂಪನಿಯ ವಾದ. ೨೦೧೮ರಲ್ಲಿ ಸರಕಾರದ ಪರವಾಗಿ ಉಪಗ್ರಹದ ಚಿತ್ರಗಳ ಆಧಾರದಿಂದ ಮಾಡಿದ ಒಂದು ಅಂದಾಜಿನಲ್ಲಿ ದಿನಕ್ಕೆ ೨೫೦ರಿಂದ ೭೦೦ ಪೀಪಾಯಿಯೆಂದು ಬಂದಿತು. ಮರುವರ್ಷ ಸರಕಾರದ ಇತರ ವಿಜ್ಞಾನಿಗಳು ಸಮುದ್ರದೊಳಗೇ ಉಪಕರಣಗಳನ್ನು ಇಳಿಸಿ ಅಳೆದಾಗ ೯ರಿಂದ ೧೦೮ ಪೀಪಾಯಿಯೆಂದು ಕಂಡಿತು. ಆಕಾಶದ ಲೆಕ್ಕವೂ ಹೀಗೆ ಹಿಗ್ಗಬಲ್ಲದು. ಆದರೆ ಆಕಾಶದ ಚಿತ್ರವಿರದಿದ್ದರೆ ಯಾರೂ ಉಪಕರಣವನ್ನು ಇಳಿಸುವ ಗೊಡವೆಗೆ ಹೋಗುತ್ತಿರಲಿಲ್ಲವೆಂಬದೇ ನಮಗೆ ಮುಖ್ಯವಾಗಿ ತೋರುವದು. ೨೦೧೯ರಿಂದ ಆ ಬಾವಿಗಳ ಮೇಲೆ ಲೋಹದ ಮುಚ್ಚಳವನ್ನು ಕವುಚಿ ಎಣ್ಣೆಯನ್ನು ಹಿಡಿದು ಸಾಗಿಸಲಾಗುತ್ತಿದೆ. ಹದಿನೈದು ವರ್ಷ ತಡವಾಗಿ!

ಇವು ದೊಡ್ಡ ಅನಾಹುತಗಳ ಮಾತಾಯಿತು. ದಿನನಿತ್ಯದ ಕಳ್ಳತನ ಬೇರೆಯೇ ಇದೆ. ಹಡಗಿನ ತಳದಲ್ಲಿ ನಿಂತ ಜಿಡ್ಡು ನೀರನ್ನೂ, ಎಣ್ಣೆಯ ತೊಟ್ಟಿಗಳನ್ನು ತೊಳೆದ ನೀರನ್ನೂ ಬಂದರದಲ್ಲಿ ಹಣ ಕೊಟ್ಟು ಇಳಿಸುವದರ ಬದಲು ನಡುಸಮುದ್ರದಲ್ಲಿ ರಾತ್ರಿಯ ವೇಳೆ ಚೆಲ್ಲಿ ಹೋಗುವವರಿದ್ದಾರೆ. ೨೦೧೪ರಿಂದ ೨೦೧೯ರವರೆಗಿನ ಐದು ಲಕ್ಷಕ್ಕೂ ಮಿಕ್ಕಿದ ಸೆಂಟಿನೆಲ್ ಚಿತ್ರಗಳನ್ನು ಪರೀಕ್ಷಿಸಿದ ಚೀನ ಮತ್ತು ಅಮೇರಿಕದ ವಿಜ್ಞಾನಿಗಳು ೨೦೨೨ರಲ್ಲಿ ಪ್ರಕಟಿಸಿದ ಸಂಶೋಧನೆಯ ಮೇರೆಗೆ, ಜಗತ್ತಿನ ಸಮುದ್ರಗಳ ಮೇಲೆ ಸದಾ ಕಾಣುವ ಎಣ್ಣೆಯ ಪೊರೆಗಳಲ್ಲಿ ನೂರಕ್ಕೆ ೯೪ ಪಾಲು ಮನುಷ್ಯನ ಕೃತ್ಯ. ಸಮುದ್ರತಳದಿಂದ ತಾನಾಗಿ ಒಸರುವದು ಉಳಿದ ೬ ಪಾಲು ಮಾತ್ರ. ಅದಕ್ಕೂ ಮೊದಲು ಸರಿಸುಮಾರು ಅರ್ಧದಷ್ಟನ್ನು ನಿಸರ್ಗದ ಲೆಕ್ಕಕ್ಕೆ ಬರೆಯಲಾಗುತ್ತಿದ್ದಿತು. ಹಡಗುಗಳ ದಾರಿಯುದ್ದಕ್ಕೂ ಎಣ್ಣೆಯ ಪಟ್ಟೆಗಳು ಎಳೆದಂತಿದ್ದವು. ಹಡಗುಗಳು ತಮ್ಮ ಹೆಸರನ್ನೂ ನೆಲೆಯನ್ನೂ ರೇಡಿಯೋದಿಂದ ಸಾರುತ್ತ ಸಾಗುವದರಿಂದ, ಆ ದಾಖಲೆಯನ್ನು ಚಿತ್ರದ ಪಕ್ಕಕ್ಕಿಟ್ಟರೆ ಬಾಲದಂತೆ ಎಳೆದ ಕಪ್ಪು ಗೆರೆಯ ತುದಿಯಲ್ಲಿ ಯಾವ ಹಡಗಿದ್ದಿತೆಂದು ಹೇಳಬಹುದು. ಯುರೋಪಿನ ದೇಶಗಳು ೨೦೦೭ರಿಂದ ಕ್ಲೀನ್‌ಸೀನೆಟ್ ಎಂಬ ವ್ಯವಸ್ಥೆಯಿಂದ ಇದನ್ನೇ ಮಾಡುತ್ತಿವೆ. ಉಪಗ್ರಹ ಹಾದುಹೋದ ಸ್ವಲ್ಪ ಹೊತ್ತಿನಲ್ಲಿಯೇ ಸಂಬಂಧಪಟ್ಟ ದೇಶಕ್ಕೆ ಸುದ್ದಿ ಮುಟ್ಟುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಅರಬೀ ಸಮುದ್ರವು ಎಣ್ಣೆಯ ಹಡಗುಗಳ ಹೆದ್ದಾರಿ. ಗೋವೆಯ ದಂಡೆಗಳಲ್ಲಿ ಮಳೆಗಾಲದ ಮುಂಚೆ ಡಾಂಬರಿನಂಥ ಉಂಡೆಗಳು ಬಂದು ಬೀಳುವದು ಹೊಸ ಸಂಗತಿಯೇನೂ ಅಲ್ಲ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಅವುಗಳ ರಾಸಾಯನಿಕ ಗುರುತನ್ನು ಪರೀಕ್ಷಿಸಿ, ಮುಂಬಯಿ ಹೈ ಎಣ್ಣೆಕ್ಷೇತ್ರವನ್ನೂ ಹಡಗುಗಳು ತೊಟ್ಟಿ ತೊಳೆದು ಚೆಲ್ಲಿದ ಎಣ್ಣೆಯನ್ನೂ ಮೂಲಗಳಾಗಿ ತೋರಿಸಿದ್ದಾರೆ. ೨೦೨೨ರ ಜೂನ್ ತಿಂಗಳಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ತಳ ಒಡೆದು ಕುಳಿತಾಗ, ಅದರ ಇಂಧನವು ಎಲ್ಲಿ ಸೋರುವದೋ ಎಂದು ಕರಾವಳಿಯವರು ಮಳೆಗಾಲವೆಲ್ಲ ಕಾದು ನೋಡಬೇಕಾಯಿತು. ಆಚೆಯ ಕರೆಯಲ್ಲಿ, ೨೦೧೭ರ ಜನವರಿ ೨೮ರಂದು ಚೆನ್ನೈಯ ಬಳಿಯ ಎಣ್ಣೂರಿನಲ್ಲಿ ಎರಡು ಹಡಗುಗಳು ಢಿಕ್ಕಿ ಹೊಡೆದಾಗ, ಬಂದರದವರಿಂದ ಬಂದ ಮೊದಲ ಮಾತು ಎಣ್ಣೆ ಸೋರಿಲ್ಲವೆಂಬದೇ. ಆ ಮೇಲೆ ಮೀನುಗಾರರೂ ವಿದ್ಯಾರ್ಥಿಗಳೂ ದಂಡೆಯ ಕಲ್ಲುಗಳ ನಡುವೆ ನಿಂತು ಬಕೇಟುಗಳಿಂದ ಕರಿ ರಾಡಿಯನ್ನು ಮೊಗೆದದ್ದನ್ನು ದೇಶವೆಲ್ಲ ನೋಡಿತು. ಲೂಯಿಸಿಯಾನಾದ ಮೊದಲ ಮಾತಿಗೂ ಎಣ್ಣೂರಿನ ಮೊದಲ ಮಾತಿಗೂ ಎಷ್ಟು ಹೋಲಿಕೆ!

೨೦೨೫ರ ಮೇ ೨೫ರಂದು ಎಮ್.ಎಸ್.ಸಿ. ಎಲ್ಸಾ-೩ ಎಂಬ ಸರಕಿನ ಹಡಗು ಕೊಚ್ಚಿಯಿಂದ ಸುಮಾರು ೩೮ ನಾವಿಕ ಮೈಲಿ ದೂರದಲ್ಲಿ ಮುಳುಗಿತು. ೨೪ ಜನ ಸಿಬ್ಬಂದಿಯೂ ಬದುಕಿಕೊಂಡರೆಂಬದು ಸಮಾಧಾನದ ಸಂಗತಿ. ಹಡಗಿನ ಹೊಟ್ಟೆಯಲ್ಲಿ ೩೬೭ ಟನ್ನು ಫರ್ನೇಸ್ ಎಣ್ಣೆ, ೮೪ ಟನ್ನು ಡೀಸೆಲ್, ಮೇಲೆ ೬೪೦ ಸರಕಿನ ಪೆಟ್ಟಿಗೆಗಳು. ಅವುಗಳಲ್ಲಿ ೧೩ ಅಪಾಯಕರ ಪದಾರ್ಥಗಳವು. ಕರಾವಳಿ ರಕ್ಷಕ ದಳದ ಹಡಗು ವಿಮಾನಗಳು ಎಣ್ಣೆಯ ಪೊರೆಯನ್ನು ಹುಡುಕಿ ಎದುರಿಸಿದವು. ಎಣ್ಣೆಯು ಯಾವ ಕಡೆಗೆ ಸಾಗೀತೆಂಬ ಮುನ್ಸೂಚನೆಯನ್ನು ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರದವರು ಕೊಟ್ಟರು. ಕೇರಳ ಸರಕಾರವು ೯,೫೩೧ ಕೋಟಿ ರೂಪಾಯಿಯ ಪರಿಹಾರ ಬೇಡಿ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಇಂಥ ದಾವೆಯಲ್ಲಿ ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆಯು, ಎಷ್ಟು ಸೋರಿತು, ಎಲ್ಲಿಯವರೆಗೆ ಹೋಯಿತು, ಸಾಕ್ಷಿಯೇನು ಎಂಬದೇ ಆಗಿರುತ್ತದೆ. ಆ ದಿನಗಳು ಮಳೆಗಾಲದ ಬಾಗಿಲು. ಮೋಡ ಕವಿದಾಗ ಸಾದಾ ಚಿತ್ರ ತೆಗೆಯುವ ಉಪಗ್ರಹವು ಕುರುಡು. ರಾಡಾರಿಗೆ ಮೋಡ ಅಡ್ಡವಿಲ್ಲದಿದ್ದರೂ ನೈಋತ್ಯದ ಗಾಳಿ ಬಲಿತಾಗ ಅದರ ಕಣ್ಣೂ ಮಂಜಾಗುವದು. ನಮ್ಮ ಪಡುಗಡಲಿನಲ್ಲಿ ಹಡಗುಗಳಿಗೆ ಕೇಡು ಒದಗುವ ಕಾಲವೂ, ಚಿತ್ರ ತೆಗೆಯುವದು ಕಠಿನವಾಗುವ ಕಾಲವೂ ಒಂದೇ ಆಗಿರುವದರಿಂದ, ಗಾಳಿಯು ಒಂದಿಷ್ಟು ಇಳಿದ ಗಳಿಗೆಯಲ್ಲಿ ತಲೆಯ ಮೇಲೆ ಒಂದು ಉಪಗ್ರಹವಾದರೂ ಇರುವಂತೆ ಅವುಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳಬೇಕು.

ಸಾಮರ್ಥ್ಯಕ್ಕೆ ನಮ್ಮಲ್ಲಿ ಬರವಿಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರ ಮುಂದಾಳುತನದಲ್ಲಿ ಆರ್ಯಭಟವು ೧೯೭೫ರಲ್ಲಿ ಮೇಲೇರಿತು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ಕೇಂದ್ರದಲ್ಲಿ ಇಂದು ದೇಶದ ಉಪಗ್ರಹಗಳು ಸಿದ್ಧವಾಗುತ್ತಿವೆ. ೨೦೧೨ರಲ್ಲಿ ರಿಸ್ಯಾಟ್-೧, ೨೦೨೨ರಲ್ಲಿ ಇ.ಓ.ಎಸ್-೦೪ ಎಂಬ ರಾಡಾರ್ ಉಪಗ್ರಹಗಳು ಹಾರಿದವು. ೨೦೨೫ರ ಮೇ ೧೮ರಂದು, ಎಂದರೆ ಎಲ್ಸಾ ಮುಳುಗುವದಕ್ಕೆ ಸರಿಯಾಗಿ ಒಂದು ವಾರ ಮೊದಲು, ಇ.ಓ.ಎಸ್-೦೯ ಎಂಬ ಇನ್ನೊಂದು ರಾಡಾರ್ ಉಪಗ್ರಹವು ರಾಕೆಟ್ಟಿನ ಮೂರನೆಯ ಹಂತದ ದೋಷದಿಂದ ಕಕ್ಷೆಗೆ ಸೇರದೆ ಹೋದದ್ದು ದುರ್ದೈವ. ಜುಲೈ ೩೦ರಂದು ಭಾರತ ಮತ್ತು ಅಮೇರಿಕಗಳು ಕೂಡಿ ಮಾಡಿದ ನಿಸಾರ್ ಉಪಗ್ರಹವು ಶ್ರೀಹರಿಕೋಟೆಯಿಂದ ಏರಿತು. ಆದರೆ ನಿಸಾರ್ ಒಂದೇ ಜಾಗವನ್ನು ಅದೇ ಓರೆಯಿಂದ ನೋಡಲು ೧೨ ದಿನಗಳಿಗೊಮ್ಮೆ ಬರುವದು. ಅದರ ಮುಖ್ಯ ಕೆಲಸ ನೆಲ ಮತ್ತು ಹಿಮಗಳದು. ಎಣ್ಣೆಯಾದರೋ ೧೨ ದಿನ ಕಾಯುವದಿಲ್ಲ.

ನಮ್ಮ ತಕರಾರು ಉಪಗ್ರಹಗಳ ಸಂಖ್ಯೆಯಷ್ಟಕ್ಕೇ ಅಲ್ಲ. ಚಿತ್ರ ತೆಗೆಯುವವರು ಒಬ್ಬರು, ಓದುವವರು ಇನ್ನೊಬ್ಬರು, ಕಡಲಿಗೆ ಹೋಗುವವರು ಮತ್ತೊಬ್ಬರು. ಜನರಿಗೆ ಸಿಗುವದು ಸಂಜೆಯ ಒಂದು ಪ್ರಕಟಣೆ. ೨೦೧೦ರಲ್ಲಿ ಶೆಫರ್ಡ್ಸ್‌ಟೌನಿನವರು ಗೆದ್ದದ್ದು ಅವರಲ್ಲಿ ಉಪಗ್ರಹವಿದ್ದುದರಿಂದಲ್ಲ. ಸರಕಾರದ ಉಪಗ್ರಹದ ಚಿತ್ರವು ಅದೇ ದಿನ ಅವರ ಕೈಗೆ ಸಿಕ್ಕುದರಿಂದ. ಹಡಗಿನ ದುರಂತವಾದ ಕೂಡಲೇ, ಆ ಪ್ರದೇಶದ ಪ್ರತಿಯೊಂದು ರಾಡಾರ್ ಚಿತ್ರವನ್ನೂ ತೆಗೆದ ದಿನವೇ, ಗಾಳಿಯ ವೇಗದ ಟಿಪ್ಪಣಿಯೊಡನೆ, ಯಾರು ಬೇಕಾದರೂ ನೋಡುವಂತೆ ಸರಕಾರವು ಹೊರಗಿಡಬೇಕು. ಮಂಗಳೂರು ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದ ಹುಡುಗರು ಅದನ್ನು ಅಳೆಯಲಿ. ಕಾರವಾರದ ಕಾಲೇಜಿನವರು ಅಳೆಯಲಿ. ಹಡಗಿನ ಒಡೆಯನ ತಜ್ಞನೂ ಬಂದು ಅಳೆಯಲಿ. ಲೆಕ್ಕಗಳು ಒಂದಕ್ಕೊಂದು ಜಗಳಾಡಿದರೆ ಆಡಲಿ. ಮುಚ್ಚಿಟ್ಟ ಒಂದು ಅಂಕಿಗಿಂತ ಬಹಿರಂಗದ ಮೂರು ಅಂಕಿಗಳ ಮೇಲೆ ನ್ಯಾಯಾಲಯವು ಹೆಚ್ಚು ಭರವಸೆ ಇಡಬಹುದು.

ಚಿತ್ರಕ್ಕೆ ನೆಲದ ಸಾಕ್ಷಿ ಬೇಕೆಂದು ಮೇಲೆ ಹೇಳಿದೆವಷ್ಟೆ. ಆ ಸಾಕ್ಷಿಗಳು ದಿನಾಲು ನಸುಕಿನಲ್ಲಿಯೇ ಸಮುದ್ರಕ್ಕೆ ಇಳಿಯುವ ನಮ್ಮ ಮೊಗವೀರರು, ಖಾರ್ವಿಗಳು, ಹರಿಕಂತ್ರರು. ಗಾಳಿ ಸತ್ತ ನುಣುಪು ಯಾವುದು, ಮೀನಿನ ಹಿಂಡಿನ ಜಿಡ್ಡು ಯಾವುದು, ಹಡಗಿನ ಎಣ್ಣೆ ಯಾವುದು ಎಂಬದನ್ನು ಮೂಸಿ ನೋಡಿ ಹೇಳಬಲ್ಲವರು ಅವರು. ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದ ಬಂದರಗಳಲ್ಲಿ ಗಾಜಿನ ಸೀಸೆಗಳನ್ನೂ ಒಂದು ದಾಖಲೆಯ ಪುಸ್ತಕವನ್ನೂ ಇಟ್ಟು, ಕಂಡ ಜಾಗ, ಹೊತ್ತು ಬರೆಯಿಸಿ ನೀರನ್ನು ಮುದ್ರೆ ಹಾಕಿ ತೆಗೆದುಕೊಳ್ಳುವದಕ್ಕೆ ಕೋಟಿಗಳ ಖರ್ಚಿಲ್ಲ. ಈಗ ಪ್ರತಿಯೊಂದು ಯಂತ್ರದೋಣಿಯಲ್ಲಿಯೂ ನೆಲೆ ತೋರಿಸುವ ಉಪಕರಣವಿರುವದರಿಂದ ಜಾಗದ ಗೊಂದಲವೂ ಇಲ್ಲ. ಇಂಥ ಕೆಲಸಕ್ಕೆ ಮೀನುಗಾರರ ಸಹಕಾರಿ ಸಂಘಗಳು ಒಪ್ಪುವವೋ ಇಲ್ಲವೋ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಅವರನ್ನು ಈ ವರೆಗೆ ಯಾರೂ ಕೇಳಿದಂತಿಲ್ಲ. ಬರುವ ಮಳೆಗಾಲದ ನಿಷೇಧದ ಎರಡು ತಿಂಗಳು ದೋಣಿಗಳು ದಂಡೆಯ ಮೇಲೆಯೇ ಇರುವವು. ಮೀನುಗಾರಿಕೆಯ ಖಾತೆಯವರು ಆಗ ಹೋಗಿ ಕೇಳಬಹುದು.